ಊರಿನ ಗೋಮಾಳವನ್ನು ಊರೇ ಕಾಯುವುದು ಹೇಗೆ?

ಶಿರಸಿಯಿಂದ ಪೂರ್ವಕ್ಕೆ ಬನವಾಸಿ, ಮುಂಡಗೋಡದ ಕಡೆ ಸಾಗಿದಂತೆ ಮಳೆ ಕಡಿಮೆಯಾಗಿ ಕಾಡು ತೆಳುವಾಗುತ್ತದೆ. ಅಲ್ಲಿನ ದನಕರುಗಳಿಗೆ ಗೋಮಾಳ, ಬೇಣ ಎಂಬ ಹುಲ್ಲುಗಾವಲುಗಳೇ ಆಧಾರ. ಹುಲ್ಲುಗಾವಲು ಬರಡಾದಾಗ ಬೇಲಿ ಹಾಕಿ ಬೀಜ ಚೆಲ್ಲುವುದರಿಂದ ಕೆಲಸ ಆರಂಭಿಸುವುದು ರೂಢಿ. ಆದರೆ ಯಾರ ದನ, ಯಾವ ಭಾಗದಲ್ಲಿ, ಎಷ್ಟು ದಿನ ಮೇಯಬೇಕೆಂದು ಮೇಯಿಸುವವರೇ ಕೂತು ಒಪ್ಪಿಕೊಳ್ಳದಿದ್ದರೆ ಆ ಬೇಲಿ ಉಳಿಯುವುದು ಕಷ್ಟ.

ಮೊದಲು ಗ್ರಾಮನಕ್ಷೆ ಮತ್ತು ಪಹಣಿ ತೆಗೆಸಿ, ಜಾಗದ ಒಡೆತನ ಯಾರದೆಂದು ಖಚಿತಪಡಿಸಿಕೊಳ್ಳಬೇಕು. ಗೋಮಾಳವಾದರೆ ಅದು ಕಂದಾಯ ಇಲಾಖೆಗೆ ಸೇರಿದ್ದು. ಒತ್ತುವರಿ ಕಂಡರೆ ತಹಶೀಲ್ದಾರರಿಗೆ ಅಳತೆಗಾಗಿ ಅರ್ಜಿ ಕೊಡಬೇಕು. ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದೆ. ಜಾಗ ಅರಣ್ಯವೆಂದು ದಾಖಲಾಗಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಮೇವಿನ ಸಾಮುದಾಯಿಕ ಹಕ್ಕನ್ನು ಗ್ರಾಮಸಭೆಯ ಮೂಲಕ ಕೇಳಬಹುದು. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ.

ಎರಡನೆಯದು ಬಳಕೆದಾರರ ಪಟ್ಟಿ. ತೋಟ, ಗದ್ದೆ ಇರುವವರ ಹೆಸರಷ್ಟೇ ಬರೆದರೆ ಸಾಲದು. ಎರಡು ಆಡು ಸಾಕಿರುವ ಭೂರಹಿತರು, ಗೌಳಿಗರು, ಹುಲ್ಲು ಕೊಯ್ದು ತರುವ ಹೆಂಗಸರು, ಬಯಲುಸೀಮೆಯಿಂದ ಕುರಿಮಂದೆ ಬರುವ ಊರಾದರೆ ಆ ಕುರಿಗಾರರು, ಇವರೆಲ್ಲರೂ ಸಭೆಯಲ್ಲಿರಬೇಕು. ನಿಯಮ ಮಾಡುವಾಗ ಕೇಳದವರನ್ನು ದಂಡ ಹಾಕುವಾಗ ಮಾತ್ರ ಹುಡುಕುವುದು ಅನ್ಯಾಯ. ಸಾಮೂಹಿಕ ಸಂಪನ್ಮೂಲಗಳ ಅಧ್ಯಯನಕ್ಕಾಗಿ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರೂ ಬಳಸುವವರೇ ನಿಯಮ ರೂಪಿಸುವುದಕ್ಕೆ ಹೆಚ್ಚಿನ ಮಹತ್ವ ಕೊಟ್ಟಿದ್ದರು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಹುಲ್ಲಿಗೆ ಕೊಡುವ ಬಿಡುವು. ಮೊದಲ ಮಳೆಗೆ ಚಿಗುರುವ ಬಹುವಾರ್ಷಿಕ ಹುಲ್ಲು ಬೇರಿನಲ್ಲಿ ಕೂಡಿಟ್ಟ ಆಹಾರದಿಂದ ಬೆಳೆಯುತ್ತದೆ. ಆ ಎಳೆ ಚಿಗುರನ್ನೇ ದನ ಮತ್ತೆ ಮತ್ತೆ ಕಚ್ಚಿದರೆ ಬೇರು ಸೊರಗಿ, ಆ ಜಾಗವನ್ನು ಲಂಟಾನ, ಯುಪಟೋರಿಯಂನಂತಹ ಕಳೆಗಳು ಆಕ್ರಮಿಸುತ್ತವೆ. ಆದ್ದರಿಂದ ಗೋಮಾಳವನ್ನು ಮೂರು ಭಾಗ ಮಾಡಿ, ಪ್ರತಿ ವರ್ಷ ಒಂದು ಭಾಗವನ್ನು ಜೂನ್‌ನಿಂದ ಬೀಜ ಉದುರುವ ನವೆಂಬರ್‌ವರೆಗೆ ಪೂರ್ತಿ ಮುಚ್ಚಬೇಕು; ಮುಂದಿನ ವರ್ಷ ಸರದಿ ಬದಲಿಸಬೇಕು. ಮುಚ್ಚಿದ ಭಾಗಕ್ಕೆ ಅಗಳ (ಕಂದಕ) ತೋಡಲು ಹಣವಿಲ್ಲದಿದ್ದರೆ ಮುಳ್ಳುಬೇಲಿಯೂ ದಣಪೆಯೂ (ಅಡ್ಡಗಳುಗಳ ಬಾಗಿಲು) ಸಾಕು, ಸರದಿಯ ಮೇಲೆ ಕಾಯುವವರು ಮಾತ್ರ ಇರಲೇಬೇಕು. ಕಳೆ ಗಿಡಗಳನ್ನು ಮಣ್ಣು ಮೆತ್ತಗಿರುವ ಮಳೆಗಾಲದಲ್ಲಿ ಬೇರುಸಹಿತ ಕೀಳುವುದು ಸುಲಭ.

ಎಷ್ಟು ದನಗಳಿಗೆ ಮೇವಿದೆ ಎಂಬುದನ್ನು ಅಂದಾಜಿನಿಂದ ಹೇಳಬಾರದು, ಅಳೆಯಬೇಕು. ನವೆಂಬರ್‌ನಲ್ಲಿ ಹಲವು ಕಡೆ ಒಂದೊಂದು ಚದರ ಮೀಟರ್ ಹುಲ್ಲು ಕೊಯ್ದು, ಒಣಗಿಸಿ ತೂಗಿ ಸರಾಸರಿ ತೆಗೆಯಿರಿ. ಅದು 250 ಗ್ರಾಂ ಬಂದಿತೆಂದು ಇಟ್ಟುಕೊಂಡರೆ ಹೆಕ್ಟೇರಿಗೆ 2,500 ಕಿಲೋ ಆಗುತ್ತದೆ. ಅರ್ಧವನ್ನು ನೆಲಕ್ಕೇ ಬಿಟ್ಟು, ಮಲೆನಾಡು ಗಿಡ್ಡ ಹಸುವಿಗೆ ದಿನಕ್ಕೆ 3 ಕಿಲೋ ಒಣಮೇವು ಲೆಕ್ಕ ಹಿಡಿದರೆ ಒಂದು ಹೆಕ್ಟೇರು ಮೂರು ಹಸುಗಳಿಗೆ ನಾಲ್ಕು ತಿಂಗಳು ಸಾಲುತ್ತದೆ. ರಾಜ್ಯದ 1966ರ ಭೂಕಂದಾಯ ನಿಯಮಗಳು ನೂರು ದನಗಳಿಗೆ 12 ಹೆಕ್ಟೇರು ಗೋಮಾಳ ಕಾಯ್ದಿರಿಸಬೇಕೆನ್ನುತ್ತವೆ, ಎಂದರೆ ಹೆಕ್ಟೇರಿಗೆ ಸುಮಾರು ಎಂಟು ದನ. ಆ ಪ್ರಮಾಣವನ್ನು ಕಾಯ್ದಿರಿಸುವಿಕೆಯ ಅಳತೆಯೆಂದು ತಿಳಿಯಬೇಕೇ ಹೊರತು ಮೇವಿನ ಭರವಸೆಯೆಂದು ಅಲ್ಲ. ಕೊರತೆಯನ್ನು ಬೆಳೆಯ ಶೇಷ, ಹುಲ್ಲಿನ ಬಣವೆಗಳಿಂದ ತುಂಬಿಸಲೇಬೇಕು.

ದಂಡ ಮೊದಲ ಸಲ ಎಚ್ಚರಿಕೆಯಷ್ಟೇ ಆಗಿದ್ದು, ತಪ್ಪು ಮರುಕಳಿಸಿದಂತೆ ಏರಬೇಕು. ಬರಗಾಲದ ವರ್ಷಕ್ಕೆ ವಿನಾಯಿತಿಯನ್ನು ಮೊದಲೇ ಬರೆದಿಡಬೇಕು. ಇದಕ್ಕಾಗಿ ಮೇ ತಿಂಗಳಲ್ಲಿ ಒಂದು, ನವೆಂಬರ್‌ನಲ್ಲಿ ಇನ್ನೊಂದು ಸಭೆ ಸೇರಿ, ಹುಲ್ಲಿನ ತೂಕ, ದನಗಳ ಸಂಖ್ಯೆ ಮತ್ತು ವಸೂಲಾದ ದಂಡವನ್ನು ಒಂದೇ ಪುಸ್ತಕದಲ್ಲಿ ಬರೆದು ಎಲ್ಲರೆದುರು ಓದಬೇಕು. ಅದೇ ಜಾಗದಲ್ಲಿ ಎರಡು ವರ್ಷ ಸತತವಾಗಿ ತೂಕ ಇಳಿದರೆ ಆ ಭಾಗದ ಬಿಡುವನ್ನು ಇನ್ನೊಂದು ಮಳೆಗಾಲಕ್ಕೆ ಮುಂದುವರಿಸಬೇಕು.