ತೇಲುತ್ತಿದ್ದ ಕುದುರೆ ನೆಲಕ್ಕಿಳಿದಿದ್ದು

ಮಲ್ಲೇಶ್ವರದ ಮನೆಯಲ್ಲೇ ಚನ್ನಪಟ್ಟಣದ ಬೊಂಬೆಗಳ ಫೋಟೊ ತೆಗೆದು ಮಾರುತ್ತೇನೆ. ಹಿನ್ನೆಲೆ ಕತ್ತರಿಸಿ ಬಿಳಿ ಹಾಕಿದರೆ ಮರದ ಕುದುರೆ ಗಾಳಿಯಲ್ಲಿ ತೇಲುತ್ತಿತ್ತು. ಗಿಂಪ್‌ನಲ್ಲಿ (ಫೋಟೊ ತಿದ್ದುವ ತಂತ್ರಾಂಶ) ಡ್ರಾಪ್ ಶ್ಯಾಡೋ, ಅಂದರೆ ಸಿದ್ಧ ನೆರಳು, ಹಾಕಿದೆ. ಗೋಡೆಗೆ ಅಂಟಿಸಿದ ಸ್ಟಿಕರ್ ಥರ ಕಂಡಿತು!

ಕೊನೆಗೆ ಕುದುರೆಯನ್ನು ಕಿಟಕಿ ಪಕ್ಕ ಇಟ್ಟು ಸುಮ್ನೆ ನೋಡಿದೆ. ಚಕ್ರ ಮೇಜಿಗೆ ತಾಗುವಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ದೂರ ಹೋದಂತೆ ನೆರಳು ತೆಳುವಾಗಿ, ಅಂಚು ಮಸುಕಾಗುತ್ತಿತ್ತು. ಅಂದರೆ ಎರಡು ನೆರಳು ಬೇಕು, ಅಲ್ವಾ?

ಬೊಂಬೆಯ ಕೆಳಗೆ ಎರಡು ಲೇಯರ್ (ಪದರ) ಮಾಡಿ, ಎರಡಕ್ಕೂ ಕೆಳಗಿನ ಬಣ್ಣವನ್ನು ಗಾಢವಾಗಿಸುವ ಮಲ್ಟಿಪ್ಲೈ ಮೋಡ್ ಕೊಟ್ಟೆ. ಚಕ್ರದಡಿಯ ಗೆರೆಗೆ ಗಾಸಿಯನ್ ಬ್ಲರ್ (ಅಂಚು ಮಸುಕಾಗಿಸುವುದು) 3, ಒಪ್ಯಾಸಿಟಿ (ನೆರಳು ಎಷ್ಟು ದಟ್ಟ ಅನ್ನೋದು) 70. ಚಾಚಿದ ನೆರಳಿಗೆ ಬ್ಲರ್ 30, ಒಪ್ಯಾಸಿಟಿ 25. ಬೆಳಕು ಎಡದಿಂದ ಬಂದಿತ್ತು, ಹಾಗಾಗಿ ನೆರಳನ್ನು ಬಲಕ್ಕೆ ವಾಲಿಸಿದೆ. ಅಚ್ಚ ಕಪ್ಪು ಬೇಡ, ಚೂರು ಕಂದು ಬೆರೆಸಿ. ನನ್ನ ಫೋಟೊ 2000 ಪಿಕ್ಸೆಲ್ ಅಗಲ. ನಿಮ್ಮದು ದೊಡ್ಡದಿದ್ದರೆ ಬ್ಲರ್ ಜಾಸ್ತಿ ಮಾಡಿ.