ಡಿಸ್ಕ್ ಸಾಯೋಕೆ ಹನ್ನೊಂದು ದಿನ ಮುಂಚೆ ಗೊತ್ತಾಯ್ತು: ನನ್ನ ಅನುಭವ

ಹಾರ್ಡ್ ಡಿಸ್ಕ್ ಕೆಡೋದು ಮೊದಲೇ ಗೊತ್ತಾಗಲ್ಲ, ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ನಂಬರ್ ಹಾಕಿ ಬರೆದಿಡೋ ಅಂಕಿಗಳು) ನಂಬಿ ಕೂರಬೇಡ ಅಂತ ನನಗೆ ಹೇಳದವರಿಲ್ಲ. ನಮ್ಮ ದಾವಣಗೆರೆಯ ಸರ್ವೀಸ್ ಅಂಗಡಿಯವರು, ನಮ್ಮ ಭಾವ, ಜೊತೆಗೆ ಆಲ್ಬಮ್ ಕೆಲಸ ಮಾಡೋ ಗೆಳೆಯರು, ಎಲ್ಲರದೂ ಒಂದೇ ಮಾತು: "ಮೂರು ವರ್ಷ ಆಯ್ತಾ, ಕಿತ್ತು ಹೊಸದು ಹಾಕು." ಈ ಫೆಬ್ರವರಿಯಲ್ಲಿ ನನ್ನ 2 ಟಿಬಿ ಡಿಸ್ಕ್ ಸತ್ತಿತು. ಅದಕ್ಕೆ ಹನ್ನೊಂದು ದಿನ ಮುಂಚೆಯೇ ನನ್ನ ಮೊಬೈಲಿಗೆ ಸಂದೇಶ ಬಂದಿತ್ತು. ನಲವತ್ತು ಚಿಲ್ಲರೆ ಮದುವೆಗಳ ಫೋಟೋ ಅದರಲ್ಲಿದ್ದವು. ಹೋಗಿದ್ದು ಎರಡೇ ಫೈಲು.

2019ರಲ್ಲಿ ಹೀಗಾಗಿರಲಿಲ್ಲ. ಆಗ ಸ್ಮಾರ್ಟ್ ಅಂಕಿ ತೋರಿಸೋ ಸಾಫ್ಟ್‌ವೇರ್ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ನೀಲಿ ಬಣ್ಣದಲ್ಲಿ "ಗುಡ್" ಅಂತ ತೋರಿಸಿದ ಮರುದಿನವೇ ಡಿಸ್ಕ್ ಟಿಕ್ ಟಿಕ್ ಅನ್ನತೊಡಗಿತು. ರಿಕವರಿಗೆ 22 ಸಾವಿರ ಕೇಳಿದರು, ಗೋಗರೆದು 16ಕ್ಕೆ ಇಳಿಸಿದೆ. ವಾಪಸ್ ಬಂದಿದ್ದು ಅರ್ಧ, ಅದೂ ಹೆಸರಿಲ್ಲದ ಫೈಲುಗಳು. ಯಾವ ವಧು ಯಾವ ಮದುವೆಯವಳು ಅಂತ ವಿಂಗಡಿಸೋಕೆ ಎರಡು ವಾರ ಹಿಡಿಯಿತು.

ಅನುಮಾನ ಪಡೋರ ಮಾತಿನಲ್ಲೂ ಹುರುಳಿದೆ. ಗೂಗಲ್‌ನವರು 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದಾಗ, ಸತ್ತ ಡಿಸ್ಕುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಆದರೆ ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನನ್ನೇ ಓದಿ ನೋಡುವಾಗ ಸಿಗೋ ತಪ್ಪು) ಕಂಡ ಡಿಸ್ಕು 60 ದಿನದೊಳಗೆ ಸಾಯೋ ಸಾಧ್ಯತೆ 39 ಪಟ್ಟು ಹೆಚ್ಚು ಅಂತಲೂ ಅದೇ ಲೆಕ್ಕದಲ್ಲಿದೆ. ಸುಳಿವು ಕೊಡೋ ಡಿಸ್ಕನ್ನಾದರೂ ಹಿಡಿಯೋಣ ಅಂತ ನಾನು ಹೊರಟೆ.

ಹಳೇ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ, ಡಿಸ್ಕಿನ ಸ್ಮಾರ್ಟ್ ಅಂಕಿಗಳನ್ನು ಕಾಯೋ ಪ್ರೋಗ್ರಾಂ ಸ್ಮಾರ್ಟ್‌ಡಿ ಓಡಿಸಿದೆ. ಮೊದಲ ಪೆಟ್ಟು ಬಿದ್ದಿದ್ದು ಡಿಸ್ಕ್ ಕೂರಿಸೋ ಯುಎಸ್‌ಬಿ ಕೇಸಿನಿಂದ. 450 ರೂಪಾಯಿಯ ಕೇಸು ಡಿಸ್ಕಿನ ಅಂಕಿಗಳನ್ನು ಹೊರಗೆ ಬಿಡಲೇ ಇಲ್ಲ. ಎರಡನೆಯದೂ ಹಾಗೇ. ಮೂರನೆಯದರಲ್ಲಿ "ಮೈನಸ್ ಡಿ ಸ್ಯಾಟ್" (-d sat) ಅನ್ನೋ ಆಯ್ಕೆ ಕೊಟ್ಟಾಗ ಎಲ್ಲ ಬಂತು, ಆದರೆ ಲಾಂಗ್ ಟೆಸ್ಟ್ (ಡಿಸ್ಕ್ ತನ್ನನ್ನು ಪೂರ್ತಿ ತಾನೇ ಪರೀಕ್ಷಿಸಿಕೊಳ್ಳೋದು) ಪ್ರತಿ ಸಲ ನಡುವೆಯೇ ನಿಲ್ಲುತ್ತಿತ್ತು. ಕೇಸು ಹತ್ತು ನಿಮಿಷಕ್ಕೊಮ್ಮೆ ಡಿಸ್ಕನ್ನು ಮಲಗಿಸಿಬಿಡುತ್ತಿತ್ತು. ನಿಮಿಷಕ್ಕೊಮ್ಮೆ ಎಲ್ಲೋ ಒಂದು ಸೆಕ್ಟರ್ (ಡಿಸ್ಕಿನ ಒಂದು ಸಣ್ಣ ತುಣುಕು) ಓದೋ ಹಾಗೆ ಲೂಪ್ ಹಾಕಿದೆ. ಐದು ಗಂಟೆಯ ಟೆಸ್ಟ್ ಅವತ್ತೇ ಮೊದಲ ಸಲ ಮುಗಿಯಿತು.

ಆಮೇಲೆ ಮೇಲ್ ಸಮಸ್ಯೆ. ಸ್ಮಾರ್ಟ್‌ಡಿ ಅರ್ಧ ಗಂಟೆಗೊಮ್ಮೆ ನೋಡುತ್ತಿತ್ತು, ಎಚ್ಚರಿಕೆಯನ್ನೂ ಕಳಿಸುತ್ತಿತ್ತು. ಕಂಪ್ಯೂಟರಿನಲ್ಲಿ ಮೇಲ್ ಹೊರಗೆ ಹೋಗೋ ವ್ಯವಸ್ಥೆಯೇ ಇರಲಿಲ್ಲ. ಇಪ್ಪತ್ತು ದಿನ ಕಳೆದ ಮೇಲೆ ಲಾಗ್ ನೋಡಿದಾಗ ಗೊತ್ತಾಯ್ತು. ಸೆಟಪ್ ಮುಗಿದ ದಿನವೇ ಅದರ ಸೆಟಿಂಗ್ ಫೈಲಿಗೆ "ಮೈನಸ್ ಎಂ ಟೆಸ್ಟ್" (-M test) ಸೇರಿಸಿ ಒಂದು ಸುಳ್ಳು ಎಚ್ಚರಿಕೆ ತರಿಸಿಕೊಳ್ಳಿ. ನಾನೀಗ ಟೆಲಿಗ್ರಾಮಿಗೆ ಕಳಿಸೋ ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ.

ದುಡ್ಡು ಹೋಗಿದ್ದು ಇನ್ನೊಂದು ಕಡೆ. ಒಂದು ಡಿಸ್ಕಿನ 199ನೇ ಅಂಕಿ, ಅಂದರೆ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ), ದಿನಾ ಇಪ್ಪತ್ತು ಮೂವತ್ತು ಏರುತ್ತಿತ್ತು. ಗಾಬರಿಯಲ್ಲಿ 4,600 ಕೊಟ್ಟು ಹೊಸ ಡಿಸ್ಕ್ ತಂದೆ. ಅದರಲ್ಲೂ ಅಂಕಿ ಏರಿತು! ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿಟ್ಟ ದಿನ ಮಾತ್ರ ನಿಲ್ಲುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸೋ ಕೆಂಪು ಸಾಟಾ ಕೇಬಲ್ಲಿಗೆ ಕ್ಲಿಪ್ಪೇ ಇಲ್ಲ, ಮುಚ್ಚಳ ಹಾಕಿದ ಕೂಡಲೇ ಅದರ ಕುತ್ತಿಗೆ ಮಡಚಿ ಕನೆಕ್ಟರ್ ಕೂದಲೆಳೆಯಷ್ಟು ಮೇಲೇಳುತ್ತಿತ್ತು. 90 ರೂಪಾಯಿಯ ಕ್ಲಿಪ್ ಇರೋ ಕೇಬಲ್ ಹಾಕಿದೆ, ಮುಗೀತು. ಆ ಅಂಕಿ ಎಂದೂ ಸೊನ್ನೆಗೆ ಇಳಿಯಲ್ಲ. ಏರುವುದು ನಿಂತಿದೆಯಾ ಅಂತಷ್ಟೇ ನೋಡಬೇಕು.

ನನಗೆ ದಾರಿ ತೋರಿಸಿದ್ದೂ ಇದೇ. ಪ್ರತಿ ರಾತ್ರಿ ಒಂಬತ್ತಕ್ಕೆ 5, 187, 197, 198, 199 ಈ ಐದು ಅಂಕಿಗಳು (ಮೊದಲ ನಾಲ್ಕು ಕೆಟ್ಟ ಸೆಕ್ಟರುಗಳಿಗೆ ಸಂಬಂಧಿಸಿದವು) ಒಂದು ಫೈಲಿಗೆ ಹೋಗುತ್ತವೆ. ನಿನ್ನೆಯದಕ್ಕೂ ಇವತ್ತಿನದಕ್ಕೂ ವ್ಯತ್ಯಾಸ ಇದ್ದರೆ ಮಾತ್ರ ಮೊಬೈಲ್ ಗುಣುಗುಟ್ಟುತ್ತದೆ. ಎಷ್ಟು ದಿನದಲ್ಲಿ ಎಷ್ಟು ಏರಿದರೆ ಡಿಸ್ಕ್ ಇಳಿಸಬೇಕು ಅನ್ನೋ ಲೆಕ್ಕ ನಾನು ಆರು ಡಿಸ್ಕ್ ಕಳೆದುಕೊಂಡು ಕಲಿತದ್ದು, ಅದು ನನ್ನಲ್ಲೇ ಇರಲಿ.

ನಡುವೆ ಬಿಸಿಯ ಪ್ರಯೋಗವೂ ಮಾಡಿದೆ. ಏಪ್ರಿಲ್‌ನಲ್ಲಿ ಡಿಸ್ಕ್ 50 ಡಿಗ್ರಿ ಮುಟ್ಟುತ್ತಿತ್ತು. 350 ರೂಪಾಯಿಯ ಫ್ಯಾನ್ ಹಾಕಿದ ಮೇಲೆ ಆರೇಳು ಡಿಗ್ರಿ ಇಳಿಯಿತು. ಎರರ್ ಅಂಕಿಗಳಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಫ್ಯಾನ್ ತೆಗೆದಿಲ್ಲ, ಇರಲಿ ಅಂತ ಬಿಟ್ಟಿದ್ದೇನೆ.

ಫೆಬ್ರವರಿಯ ಆ ರಾತ್ರಿ 197 ಸೊನ್ನೆಯಿಂದ 8 ಆಯಿತು. ಒಳಗೆ 4ಕೆ (4096 ಬೈಟಿನ) ಸೆಕ್ಟರ್ ಇದ್ದು ಹೊರಗೆ 512 ಬೈಟಿನ ಲೆಕ್ಕ ತೋರಿಸೋ ಡಿಸ್ಕಾದ್ದರಿಂದ ಒಂದು ಕೆಟ್ಟರೆ ಎಂಟು ಅಂತ ಎಣಿಸುತ್ತದೆ. ಮರುದಿನ 24. ಅಂಗಡಿಯವರಿಗೆ ರಿಪೋರ್ಟ್ ತೋರಿಸಿದರೆ, ಅದರ ಒಟ್ಟು ತೀರ್ಪು ಮಾತ್ರ ನೋಡಿ "ಪಾಸ್ಡ್ ಅಂತ ಇದೆಯಲ್ಲ ಸರ್" ಅಂದರು. ನಾನು ಕೇಳಲಿಲ್ಲ. ಡಿಡಿರೆಸ್ಕ್ಯೂ (ಕೆಡುತ್ತಿರೋ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡೋ ಸಾಫ್ಟ್‌ವೇರ್) ಹಚ್ಚಿದೆ, ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಬಿಟ್ಟು, ಎರಡನೆಯದರಲ್ಲಿ ಅಲ್ಲಿಗೇ ಮರಳಿ. ನಡುವೆ ಕರೆಂಟ್ ಹೋಯ್ತು, ಎಲ್ಲಿಯವರೆಗೆ ನಕಲಾಗಿದೆ ಅಂತ ಬರೆದಿಡೋ ಮ್ಯಾಪ್ ಫೈಲ್ ಇದ್ದದ್ದರಿಂದ ಬಿಟ್ಟಲ್ಲಿಂದಲೇ ಹಿಡಿಯಿತು. ಒಟ್ಟು ಒಂಬತ್ತು ಗಂಟೆ ಇರಬೇಕು. ಹನ್ನೊಂದನೇ ದಿನ ಹಳೇ ಡಿಸ್ಕ್ ಕಂಪ್ಯೂಟರ್ ಶುರುವಾಗುವಾಗ ಬರೋ ಬಯಾಸ್‌ನಲ್ಲೇ ಕಾಣಲಿಲ್ಲ. ಅದರ ಹಿಂದಿನ ರಾತ್ರಿಯ ರಿಪೋರ್ಟಿನಲ್ಲೂ "ಪಾಸ್ಡ್" ಅಂತಲೇ ಇತ್ತು. ಆ ಪುಟ ಪ್ರಿಂಟ್ ಮಾಡಿ ಅಂಗಡಿಯವರಿಗೆ ಕೊಟ್ಟು ಬಂದೆ. ಈಗ ಅವರೇ ಗಿರಾಕಿಗಳ ಡಿಸ್ಕನ್ನು ನನ್ನ ಹತ್ತಿರ ಕಳಿಸುತ್ತಾರೆ.

ಇನ್ನೊಂದು ಡಿಸ್ಕಿನ 5ನೇ ಅಂಕಿ 16ಕ್ಕೆ ಬಂದು ನಿಂತು 14 ತಿಂಗಳಾಯಿತು, ಒಂದೂ ಏರಿಲ್ಲ. ಅದನ್ನು ಎಸೆದಿಲ್ಲ. ಹಾಡು, ಸಿನಿಮಾ ಅದರಲ್ಲಿವೆ, ಮದುವೆ ಫೋಟೋ ಮಾತ್ರ ಹಾಕುವುದಿಲ್ಲ.