ಟ್ಯಾಂಕರ್ ಬಿಲ್ಲಿನ ಒಂದು ರೂಪಾಯಿ

ನಮ್ಮ ವಠಾರದಲ್ಲಿ ನೀರಿನ ಟ್ಯಾಂಕರ್ ಬಿಲ್ ಹಂಚುವುದು ತಲೆ ಲೆಕ್ಕದಲ್ಲಿ. ಮೂರು ಮನೆ, 3, 2, 2 ಜನ. 1000 ರೂಪಾಯಿಯನ್ನು 7ರಿಂದ ಭಾಗಿಸಿ, ಆಯಾ ಮನೆಯ ಜನರಿಂದ ಗುಣಿಸಿದರೆ 428.57, 285.71, 285.71. ಎಕ್ಸೆಲ್‌ನಲ್ಲಿ ರೌಂಡ್ (ಹತ್ತಿರದ ಪೂರ್ಣ ರೂಪಾಯಿಗೆ ತರುವ ಫಾರ್ಮುಲಾ) ಹಾಕಿದರೆ 429, 286, 286. ಕೂಡಿದರೆ 1001! ಒಂದು ರೂಪಾಯಿ ತಾನೇ ಅನ್ನಬಹುದು. ಆದರೆ ಲೆಕ್ಕ ತಾಳೆಯಾಗಬೇಕಲ್ವಾ?

ರೌಂಡ್ ತೆಗೆದು ರೌಂಡ್‌ಡೌನ್ (ಪೈಸೆ ಬಿಟ್ಟು ಬರೀ ರೂಪಾಯಿ ಉಳಿಸುವ ಫಾರ್ಮುಲಾ) ಹಾಕಿದೆ. 428, 285, 285, ಒಟ್ಟು 998. ಮಿಕ್ಕ 2 ರೂಪಾಯಿಯನ್ನು, ಬಿಟ್ಟ ಪೈಸೆ ಯಾರದ್ದು ಜಾಸ್ತಿಯೋ ಅವರಿಗೆ ಒಂದೊಂದು ಸೇರಿಸಿದೆ. ಅಂದರೆ .71 ಇರುವ ಎರಡು ಮನೆಗೆ. ಈಗ 428, 286, 286. ಸರಿಯಾಗಿ 1000. ಅಮೆರಿಕದ ರಾಜ್ಯಗಳಿಗೆ ಸಂಸತ್ತಿನ ಸೀಟು ಹಂಚಲು 1792ರಲ್ಲಿ ಅಲ್ಲಿನ ಆಗಿನ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮುಂದಿಟ್ಟ ದಾರಿಯೂ ಇದೇ! ಪೈಸೆ ಸಮ ಬಂದರೆ? ಈ ಸಲ ಒಬ್ಬರಿಗೆ, ಮುಂದಿನ ಸಲ ಇನ್ನೊಬ್ಬರಿಗೆ.